ಮಂಡ್ಯದ ಚುನಾವಣೆಯಲ್ಲಿ ಮೊಬೈಲ್ ಪ್ರಚಾರ: ನಾವು ಮಾಡುವ ಬಗೆ

ಫೇಸ್‌ಬುಕ್ ಪೇಜಿಗೆ ಲಕ್ಷ ಲೈಕ್ ಬಂದರೂ ಅದರಲ್ಲಿ ನಮ್ಮ ಕ್ಷೇತ್ರದ ಮತದಾರರೆಷ್ಟು ಎಂದು ಹೇಳಲಾಗದು. ಹಾಗಾಗಿ ಮಂಡ್ಯದ ಕಡೆ ನಾವು ಮೊದಲು ಕಟ್ಟುವುದು ಬೂತ್‌ವಾರು ವಾಟ್ಸಾಪ್ ಗ್ರೂಪ್. ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಬಹುದು. ಆದರೆ ನೂರು ದಾಟಿತೆಂದರೆ ಊರಿನವರು ಸುಮ್ಮನಾಗುತ್ತಾರೆ, ಗುಡ್ ಮಾರ್ನಿಂಗ್ ಫೋಟೊಗಳೇ ಉಳಿಯುತ್ತವೆ. 60ರಿಂದ 80 ಜನ ಸಾಕು. ಅಡ್ಮಿನ್ ಅದೇ ಊರಿನವರಾಗಿರಬೇಕು. ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿದರೆ ಜಗಳ ತಪ್ಪುತ್ತದೆ, ನಿಜ. ಆದರೆ ನಾಲೆಯ ಕೊನೇ ಭಾಗಕ್ಕೆ ನೀರು ಬಂದಿಲ್ಲ ಎಂಬ ದೂರೂ ಬರುವುದಿಲ್ಲ. ಅಭ್ಯರ್ಥಿ ನಾಳೆ ಆ ಊರಿಗೆ ಹೋದಾಗ ಮಾತಾಡಬೇಕಾದ್ದೇ ಅದು.

ಹೊಸ ಸಿಮ್ ಹಾಕಿ ಒಂದೇ ಸಂದೇಶವನ್ನು ಸಾವಿರಾರು ಜನಕ್ಕೆ ಕಳಿಸಿದರೆ ನಂಬರ್ ಬ್ಯಾನ್ ಆಗುತ್ತದೆ. ಒಂದೇ ಸಂದೇಶವನ್ನು ಬೇರೆಬೇರೆಯಾಗಿ ಹಲವರಿಗೆ ಮುಟ್ಟಿಸುವ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರಿಗೆ ಕಳಿಸಬಹುದಾದರೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ಬ್ರೆಜಿಲ್‌ನಲ್ಲಂತೂ 2018ರ ಚುನಾವಣೆಯ ರಗಳೆಯ ನಂತರ ಇಂಥ ಸಗಟು ಸಂದೇಶವನ್ನೇ ಚುನಾವಣಾ ನ್ಯಾಯಾಲಯ ನಿಷೇಧಿಸಿತು.

ವಿಡಿಯೊ ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವಂತೆ ಇರಲಿ, 40 ಸೆಕೆಂಡ್ ಮೀರದಿರಲಿ. ಬಸ್ಸಿನಲ್ಲಿ ದನಿ ಇಲ್ಲದೆ ನೋಡುವವರೇ ಹೆಚ್ಚು, ಆದ್ದರಿಂದ ಮಾತನ್ನೆಲ್ಲ ದಪ್ಪಕ್ಷರದಲ್ಲಿ ಕೆಳಗೆ ಹಾಕುತ್ತೇವೆ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊಬೈಲಿನಲ್ಲಿ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಮತ್ತೊಮ್ಮೆ ಓದಿಯೇ ಬಿಡಬೇಕು.

ದುಡ್ಡು ಕೊಟ್ಟು ಹಾಕುವ ಜಾಹೀರಾತಿಗೆ ಎಂಸಿಎಂಸಿ, ಅಂದರೆ ಚುನಾವಣಾ ಆಯೋಗದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯ ಪ್ರಮಾಣಪತ್ರ ಬೇಕು. ಅಭ್ಯರ್ಥಿಯಾದರೆ ಕನಿಷ್ಠ ಮೂರು ದಿನ ಮುಂಚೆ ಅರ್ಜಿ, ಜೊತೆಗೆ ವಿಡಿಯೊದ ಎರಡು ಪ್ರತಿ, ಅದರ ಮಾತಿನ ದೃಢೀಕರಿಸಿದ ಬರಹ. ಆಮೇಲೆ ಒಂದು ಫೋಟೊ ಬದಲಿಸಿದರೂ ಹೊಸದಾಗಿ ಅರ್ಜಿ ಹಾಕುವುದೇ ಕ್ಷೇಮ. ವಿಡಿಯೊ ಮಾಡಿದ ಹುಡುಗರ ಸಂಬಳವೂ ವಿಧಾನಸಭಾ ಅಭ್ಯರ್ಥಿಯ ಖರ್ಚಿಗಿರುವ 40 ಲಕ್ಷ ರೂಪಾಯಿ ಮಿತಿಯೊಳಗೇ ಬರುತ್ತದೆ, ಅದನ್ನು ಲೆಕ್ಕಕ್ಕೆ ಬರೆಯದೆ ಬಿಡಬೇಡಿ. ಹೊರದೇಶಗಳಲ್ಲೂ ಇಂಥ ನಿಯಮಗಳಿವೆ. ಬ್ರಿಟನ್ನಿನಲ್ಲಿ 2023ರ ನವೆಂಬರ್‌ನಿಂದ ಡಿಜಿಟಲ್ ಪ್ರಚಾರ ಸಾಮಗ್ರಿಯ ಮೇಲೆ ಅದು ಯಾರದೆಂದು ಹೆಸರು, ವಿಳಾಸ ಹಾಕಲೇಬೇಕು. ಯುರೋಪ್ ಒಕ್ಕೂಟದಲ್ಲಿ ರಾಜಕೀಯ ಜಾಹೀರಾತಿನ ಹೊಸ ಕಾನೂನಿನ ಕಾರಣಕ್ಕೆ, 2025ರ ಅಕ್ಟೋಬರ್‌ನಲ್ಲಿ, ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ಅಲ್ಲಿ ಅಂಥ ಜಾಹೀರಾತನ್ನೇ ನಿಲ್ಲಿಸಿತು. ಜಾಹೀರಾತನ್ನೇ ನೆಚ್ಚಿಕೊಂಡ ತಂಡಕ್ಕೆ ಅಲ್ಲಿ ಕೈಕಟ್ಟಿದಂತೆ. ಬೂತ್ ಗ್ರೂಪ್ ಇದ್ದವರಿಗೆ ಹಾಗಾಗದು.

ಜಾಹೀರಾತು ಹಾಕುವಾಗ, ಅದು ಎಲ್ಲಿಯವರಿಗೆ ಕಾಣಬೇಕೆಂದು ಗುರುತಿಸುವ ನಕ್ಷೆಯಲ್ಲಿ ಮಂಡ್ಯದ ಮೇಲೆ ಒಂದೇ ದೊಡ್ಡ ವೃತ್ತ ಎಳೆದರೆ ಪಕ್ಕದ ಕ್ಷೇತ್ರಗಳಾದ ಮದ್ದೂರು, ಶ್ರೀರಂಗಪಟ್ಟಣದವರಿಗೂ ತೋರಿಸಿ ದುಡ್ಡು ಪೋಲಾಗುತ್ತದೆ. ಹೋಬಳಿಗೊಂದು ಸಣ್ಣ ವೃತ್ತ ಇಡಿ. ಮುಕ್ತಾಯದ ದಿನ, ಗಂಟೆಯನ್ನೂ ಆಗಲೇ ತುಂಬಿ: ಮತದಾನ ಸಂಜೆ 6ಕ್ಕೆ ಮುಗಿಯುವುದಾದರೆ ಎರಡು ದಿನ ಮುಂಚಿನ ಸಂಜೆ 6ರೊಳಗೆ ಎಲ್ಲ ಜಾಹೀರಾತೂ ನಿಂತಿರಬೇಕು. ನಾವು 5 ಗಂಟೆಗೇ ನಿಲ್ಲಿಸುತ್ತೇವೆ.