ಹಳೆ ಮನೆಯ ಓವನ್ ಕೆಟ್ಟರೆ ಮೊದಲು ಗೋಡೆಯ ಕಡೆ ನೋಡಿ

ಓವನ್ ಸರಿಯಾಗಿ ಬಿಸಿಯಾಗದಿದ್ದರೆ ಎಲ್ಲರೂ ಮೊದಲು ಮಾಡುವ ಕೆಲಸ ಹೊಸ ಎಲಿಮೆಂಟ್ (ಓವನ್ ಬಿಸಿಮಾಡುವ ಲೋಹದ ಕೊಳವೆ) ತಂದು ಹಾಕುವುದು. ಹಳೆ ಬಡಾವಣೆಯ ಮನೆಗಳಲ್ಲಿ ಈ ಆತುರದಿಂದ ದುಡ್ಡು ದಂಡವಾಗುವುದೇ ಹೆಚ್ಚು. ದಶಕಗಳ ಹಿಂದಿನ ವೈರಿಂಗ್, ಬಾಡಿಗೆದಾರರು ಬದಲಾದಂತೆಲ್ಲ ಒಂದೊಂದು ತುಂಡು ಸೇರುತ್ತ ಬಂದ ಗ್ಯಾಸ್ ಪೈಪು, ಹೆಸರಿಗಷ್ಟೇ ಇರುವ ಅರ್ಥಿಂಗ್: ಇವುಗಳಲ್ಲೊಂದು ಸೊರಗಿದರೂ ತಪ್ಪೆಲ್ಲ ಓವನ್‌ನದ್ದೇ ಎಂದು ಕಾಣುತ್ತದೆ. ಆದ್ದರಿಂದ ಪರೀಕ್ಷೆ ಗೋಡೆಯಿಂದ ಶುರುವಾಗಿ ಒಳಗೆ ಬರಲಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಮಲ್ಟಿಮೀಟರ್, ಸ್ಕ್ರೂಡ್ರೈವರ್, ಸಣ್ಣ ಸ್ಪ್ಯಾನರ್‌ಗಳು, ತೆಳು ಉಕ್ಕಿನ ತಂತಿ, ಹಳೆಯ ಹಲ್ಲುಜ್ಜುವ ಬ್ರಷ್, ಬಟ್ಟೆ ಒಣಹಾಕುವ ಒಂದೆರಡು ಕ್ಲಿಪ್, ಸೋಪಿನ ನೀರು, ಓವನ್ ಒಳಗಿಡುವ ಥರ್ಮಾಮೀಟರ್. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ವಿದ್ಯುತ್ ಓವನ್

ಬಿಸಿ ಕಡಿಮೆ, ಆದರೆ ಎಲಿಮೆಂಟ್ ಕೆಂಪಗಾಗುತ್ತಿದೆ ಎಂದಾದರೆ ಓವನ್ ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು. ಖಾಲಿ ಸಾಕೆಟ್ಟಿನಲ್ಲಿ 230 ತೋರಿಸಿ, ಲೋಡ್ ಬಿದ್ದಾಗ 200ಕ್ಕೆ ಕುಸಿಯುವ ಲೈನುಗಳು ಹಳೆ ಮನೆಗಳಲ್ಲಿ ಸಾಕಷ್ಟಿವೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 30 ವೋಲ್ಟ್ ಕುಸಿದರೆ ಶಾಖದಲ್ಲಿ ಸುಮಾರು ಕಾಲು ಭಾಗವೇ ಹೋದಂತೆ. ಇಲ್ಲಿ ಎಲಿಮೆಂಟ್ ಬದಲಿಸಿ ಏನೂ ಸಾಧಿಸಿದಂತಾಗದು. ಜಂಕ್ಷನ್ ಬಾಕ್ಸ್, ಸಾಕೆಟ್, ಓವನ್ ಬೆನ್ನಿನ ಟರ್ಮಿನಲ್ ಬ್ಲಾಕ್ ಇಷ್ಟನ್ನೂ ಲೈನ್ ಆಫ್ ಮಾಡಿ ಬಿಚ್ಚಿ ನೋಡಿ. ಸಡಿಲ ಸ್ಕ್ರೂ, ಕಂದುಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಗರಿಗರಿಯಾದ ವೈರಿನ ಹೊದಿಕೆ ಕಂಡರೆ ಕಾರಣ ಸಿಕ್ಕಂತೆಯೇ. 3 ಕಿಲೋವ್ಯಾಟಿನ ಓವನ್ 13 ಆಂಪಿಯರ್ ಎಳೆಯುತ್ತದೆ. ಸುಟ್ಟ ಟರ್ಮಿನಲ್ಲನ್ನು ಉಜ್ಜಿ ಮತ್ತೆ ಬಿಗಿದರೆ ಸ್ವಲ್ಪ ದಿನಕ್ಕೆ ಅದೇ ಜಾಗ ಮತ್ತೆ ಸುಡುತ್ತದೆ. ಬ್ಲಾಕನ್ನು ಬದಲಿಸಿ, ವೈರಿನ ಕರಕಲಾದ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ಜೋಡಿಸಿ.

ಎಲಿಮೆಂಟ್ ಬಿಸಿಯೇ ಆಗದಿದ್ದರೆ ಎಂಸಿಬಿ (ಲೈನಿನ ಸ್ವಯಂಚಾಲಿತ ಸ್ವಿಚ್) ಇಳಿಸಿ, ವಿದ್ಯುತ್ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, ಒಳಗಿನ ಎರಡು ಸ್ಕ್ರೂ ತೆಗೆದು ಅದನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ವೈರು ಬಿಡಿಸುವ ಮೊದಲೇ ಅದಕ್ಕೊಂದು ಕ್ಲಿಪ್ ಹಾಕಿ. ಇಲ್ಲದಿದ್ದರೆ ವೈರು ರಂಧ್ರದೊಳಗೆ ಜಾರಿ, ಇಡೀ ಓವನ್ನನ್ನು ಗೋಡೆಯಿಂದ ಎಳೆದು ಬೆನ್ನು ಬಿಚ್ಚುವ ಕೆಲಸ ತಲೆಗೆ ಕಟ್ಟುತ್ತದೆ. ಇನ್ನು ಓಮ್ ಲೆಕ್ಕ: ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ. 230 ವೋಲ್ಟಿನ 2000 ವ್ಯಾಟ್ ಎಲಿಮೆಂಟಿಗೆ ಸುಮಾರು 26 ಓಮ್ ಬರಬೇಕು. ಮೀಟರ್ ಅನಂತ ತೋರಿಸಿದರೆ ಒಳತಂತಿ ತುಂಡಾಗಿದೆ. ಟರ್ಮಿನಲ್ಲಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಕಡಿಮೆ ಓಮ್ ಬಂದರೆ ಎಲಿಮೆಂಟ್ ಲೀಕ್ ಆಗುತ್ತಿದೆ; ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಈ ಲೀಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕೊಳವೆಯೊಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಓವನ್ ಹಾಕಿದ ತಕ್ಷಣ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುವುದು ಬಹಳ ಸಲ ಇದರಿಂದಲೇ. ಎಲಿಮೆಂಟನ್ನು ಬಿಚ್ಚಿ ಬೇರೊಂದು ಓವನ್‌ನಲ್ಲಿ 120ರಿಂದ 150 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಅಳೆದಾಗ 1 ಮೆಗಾ ಓಮಿಗಿಂತ ಮೇಲೆ ಬಂದರೆ ಮತ್ತೆ ಹಾಕಬಹುದು, ಬರದಿದ್ದರೆ ಎಸೆಯಿರಿ. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವ, ಅರ್ಥ್ ವೈರು ಕಿತ್ತುಹಾಕುವ ಮಹಾನುಭಾವರಿದ್ದಾರೆ. ಅವರನ್ನು ಅಡುಗೆಮನೆಯ ಹೊಸ್ತಿಲ ಆಚೆಯೇ ನಿಲ್ಲಿಸಿ.

ಬದಲಿ ವೈರು ಹಾಕುವಾಗ ಮಾಮೂಲಿ ಪಿವಿಸಿ ಬೇಡ. ಸಾಮಾನ್ಯವಾಗಿ ಅದರ ಮಿತಿ 70 ಡಿಗ್ರಿ, ಓವನ್ ಬೆನ್ನಿನಲ್ಲಿ ಅದು ಕರಗುತ್ತದೆ. ಗಾಜಿನ ನಾರಿನ ಇಲ್ಲವೇ ಸಿಲಿಕೋನ್ ಹೊದಿಕೆಯ ವೈರು, ಜೋಡಣೆಗೆ ಪಿಂಗಾಣಿ ಕನೆಕ್ಟರ್, ಇವೇ ಆಗಬೇಕು.

ಗ್ಯಾಸ್ ರೇಂಜ್ (ಬರ್ನರ್ ಮತ್ತು ಓವನ್ ಒಟ್ಟಿಗಿರುವ ಒಲೆ)

ಎಲ್ಲ ಬರ್ನರ್‌ಗಳೂ ಒಟ್ಟಿಗೆ ಸಣ್ಣಗೆ ಉರಿಯುತ್ತಿದ್ದರೆ ರೆಗ್ಯುಲೇಟರ್ ಅಥವಾ ಪೈಪಿನ ದೋಷ. ಒಂದೇ ಒಂದು ಸಣ್ಣಗಿದ್ದರೆ ಅದರ ಜೆಟ್ (ಗ್ಯಾಸ್ ಹೊರಡುವ ಸಣ್ಣ ರಂಧ್ರದ ಹಿತ್ತಾಳೆ ತುದಿ) ಕಟ್ಟಿದೆ. ಒಂದೊಂದನ್ನೇ ಹಚ್ಚಿದರೆ ಚೆನ್ನಾಗಿದ್ದು, ಓವನ್ ಜೊತೆಗೆ ಎರಡು ಬರ್ನರ್ ಹಚ್ಚಿದೊಡನೆ ಉರಿ ಕುಗ್ಗಿದರೆ ಪೈಪು ಸಪೂರವಾಗಿದೆ, ಇಲ್ಲವೇ ಒಳಗೆ ತುಕ್ಕು ಕಟ್ಟಿದೆ. ಪೈಪಿನ ಕೆಲಸಕ್ಕೆ ಪರವಾನಗಿ ಇರುವ ಗ್ಯಾಸ್ ಫಿಟ್ಟರ್ ಬರಲೇಬೇಕು.

ಬರ್ನರಿನ ರಂಧ್ರಗಳನ್ನು ತಂತಿಯಿಂದ ಬಿಡಿಸಿ. ಮರದ ಕಡ್ಡಿ ಒಳಗೇ ಮುರಿದು ಸಿಕ್ಕಿಕೊಳ್ಳುತ್ತದೆ. ಜೆಟ್ಟಿಗೆ ಮಾತ್ರ ಗಟ್ಟಿ ಸೂಜಿ ತಿರುಗಿಸಬಾರದು, ಹಿತ್ತಾಳೆ ಮೆತ್ತಗಿರುವುದರಿಂದ ರಂಧ್ರ ಹಿಗ್ಗಿ ಉರಿ ಹಳದಿಯಾಗುತ್ತದೆ. ಅದನ್ನು ಬಿಚ್ಚಿ ದ್ರಾವಕದಲ್ಲಿ ನೆನೆಸಿ ಊದಿದರೆ ಸಾಕು. ತೊಳೆದ ಬರ್ನರ್ ಪೂರ್ತಿ ಒಣಗುವವರೆಗೆ ಹಚ್ಚಬೇಡಿ. ಹಚ್ಚಿಯಾದ ಮೇಲೂ ಟಿಕ್ ಟಿಕ್ ಸದ್ದು ನಿಲ್ಲದಿದ್ದರೆ ನಾಬ್ ಕೆಳಗಿನ ಸ್ವಿಚ್ಚಿಗೆ ನೀರಿಳಿದಿದೆ ಎಂದರ್ಥ. ಸ್ಪಾರ್ಕ್ ತುದಿಗೂ ಬರ್ನರಿಗೂ ಅಂತರ 3ರಿಂದ 4 ಮಿಲಿಮೀಟರ್ ಇರಲಿ.

ಉರಿ ನೀಲಿಯಾಗಿರಬೇಕು. ಹಳದಿ ನಾಲಗೆ ಚಾಚುತ್ತಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಬರ್ನರ್ ಕೊಳವೆಯ ಬುಡದಲ್ಲಿರುವ ಏರ್ ಶಟರನ್ನು ಸ್ವಲ್ಪ ತೆರೆಯಿರಿ. ಉರಿ ಬರ್ನರಿನಿಂದ ಮೇಲೆದ್ದು ಬುಸುಗುಟ್ಟಿದರೆ ಗಾಳಿ ಹೆಚ್ಚಾಯಿತು, ಮತ್ತೆ ಮುಚ್ಚುತ್ತ ಬನ್ನಿ. ಶಟರ್ ತಿರುಗಿಸಿಯೂ ಹಳದಿ ಹೋಗದಿದ್ದರೆ ಜೆಟ್ ತಪ್ಪಿರಬಹುದು: ಪೈಪಿನ ನೈಸರ್ಗಿಕ ಅನಿಲದ ದೊಡ್ಡ ಜೆಟ್ಟುಗಳನ್ನು ಹಾಗೇ ಬಿಟ್ಟು ಎಲ್‌ಪಿಜಿ ಜೋಡಿಸಿದ ರೇಂಜ್ ಹೀಗೇ ಉರಿಯುತ್ತದೆ. ಇಂಥ ಉರಿ ಕಾರ್ಬನ್ ಮಾನಾಕ್ಸೈಡ್ ಹೊಮ್ಮಿಸಬಹುದು. ಗಾಳಿಯಾಡದ ಹಳೆ ಅಡುಗೆಮನೆಯಲ್ಲಿ ಅದನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ.

ನಾಬ್ ಒತ್ತಿ ಹಿಡಿದಾಗ ಉರಿದು, ಬಿಟ್ಟರೆ ಆರುತ್ತದೆಯೇ? ಉರಿಯ ಬಿಸಿ ತಾಗಿದಾಗಷ್ಟೇ ಗ್ಯಾಸ್ ತೆರೆದಿಡುವ ಕಡ್ಡಿಯಾದ ಥರ್ಮೋಕಪಲ್ ಕಡೆ ನೋಡಿ. ತುದಿಯ ಮಸಿಯನ್ನು ನಯವಾದ ಎಮೆರಿ ಕಾಗದದಲ್ಲಿ ಒರೆಸಿ, ಇನ್ನೊಂದು ತುದಿಯ ನಟ್ಟನ್ನು ಬಿಗಿದು, ಉರಿ ತುದಿಯನ್ನು ಪೂರ್ತಿ ಆವರಿಸುವಂತೆ ಸರಿಪಡಿಸಿ. ಬಿಸಿಯಾದಾಗ ಒಳ್ಳೆಯ ಥರ್ಮೋಕಪಲ್ 20ರಿಂದ 30 ಮಿಲಿವೋಲ್ಟ್ ಕೊಡುತ್ತದೆ. 10ರ ಕೆಳಗಿದ್ದರೆ ಬದಲಿಸಿ.

ಕೆಂಪಗೆ ಕಾದು ಗ್ಯಾಸ್ ಹೊತ್ತಿಸುವ ಇಗ್ನೈಟರ್ ಇರುವ ಓವನ್‌ಗಳು ಜನರನ್ನು ಬೇರೆ ರೀತಿ ಮೋಸಗೊಳಿಸುತ್ತವೆ. ಇಗ್ನೈಟರ್ ಕೆಂಪಗಿದೆ, ಗ್ಯಾಸ್ ಬರುತ್ತಿಲ್ಲ, ಹಾಗಾದರೆ ವಾಲ್ವ್ ಕೆಟ್ಟಿದೆ ಎಂದು ಊಹಿಸಿ ದುಬಾರಿ ವಾಲ್ವ್ ತರುತ್ತಾರೆ. ಇವೆರಡೂ ಒಂದೇ ಸರಣಿಯಲ್ಲಿರುತ್ತವೆ. ಇಗ್ನೈಟರ್ ಹಳತಾದಂತೆ ಅದರ ರೋಧ ಏರಿ, ವಾಲ್ವ್ ತೆರೆಯಲು ಬೇಕಾದಷ್ಟು ಕರೆಂಟ್ ಹರಿಯುವುದಿಲ್ಲ. ಚಪ್ಪಟೆ ಇಗ್ನೈಟರ್‌ಗೆ ಸಾಮಾನ್ಯವಾಗಿ 3.2ರಿಂದ 3.6 ಆಂಪಿಯರ್, ದುಂಡಗಿನದಕ್ಕೆ 2.5ರಿಂದ 3 ಬೇಕು. ವಾಲ್ವ್ ಮೇಲೆಯೇ ಸಂಖ್ಯೆ ಬರೆದಿದ್ದರೆ ಅದೇ ಪ್ರಮಾಣ. ಕ್ಲ್ಯಾಂಪ್ ಮೀಟರ್ ಇಲ್ಲದಿದ್ದರೆ ಗಡಿಯಾರ ಹಿಡಿಯಿರಿ: ಕೆಂಪಗಾಗಿ ಒಂದೂವರೆ ನಿಮಿಷವಾದರೂ ಉರಿ ಹತ್ತದಿದ್ದರೆ ತಪ್ಪು ಹೆಚ್ಚಾಗಿ ಇಗ್ನೈಟರಿನದ್ದೇ. ಹೊಸದನ್ನು ಪಿಂಗಾಣಿ ಬುಡದಲ್ಲೇ ಹಿಡಿಯಿರಿ, ಬಿಸ್ಕತ್ತಿನಂತೆ ಮುರಿಯುತ್ತದೆ.

ಗ್ಯಾಸ್ ಸಂದು ಯಾವುದನ್ನು ಬಿಚ್ಚಿ ಜೋಡಿಸಿದರೂ ಸೋಪಿನ ನೀರು ಬಳಿದು, ಗ್ಯಾಸ್ ತೆರೆದು, ನಿಮಿಷ ಹೊತ್ತು ಕಣ್ಣಿಟ್ಟು ನೋಡಿ. ಗುಳ್ಳೆ ಎದ್ದರೆ ಲೀಕ್. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವ ಹಳೆ ಚಾಳಿ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ. ವಾಸನೆಯನ್ನು ಮೂಲೆಗಳಲ್ಲಿ ಬಗ್ಗಿ ನೋಡಿ.

ಬಿಸಿ ಹೆಚ್ಚು-ಕಡಿಮೆ ಆದರೆ

ಥರ್ಮಾಮೀಟರನ್ನು ಓವನ್ ನಡುವೆ ಇಟ್ಟು, 180ಕ್ಕೆ ತಿರುಗಿಸಿ, ಅರ್ಧ ಗಂಟೆ ಕಾದು, ಅಲ್ಲಿಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ಮೂರು ನಾಲ್ಕು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ. 10 ಡಿಗ್ರಿ ಆಚೀಚೆಗೆ ತಲೆ ಕೆಡಿಸಿಕೊಳ್ಳಬೇಡಿ. ಎಲೆಕ್ಟ್ರಾನಿಕ್ ಓವನ್ ಆದರೆ ಸೆನ್ಸರ್ ಅಳೆಯಿರಿ: 1000 ಓಮ್ ಪ್ಲಾಟಿನಂ ಬಗೆಯದ್ದು ಕೋಣೆಯ ಬಿಸಿಯಲ್ಲಿ ಸುಮಾರು 1080ರಿಂದ 1100 ತೋರಿಸಬೇಕು.

ಸೆನ್ಸರ್ ಸರಿಯಿದ್ದೂ ಬಿಸಿ ನಿಲ್ಲದಿದ್ದರೆ ಬಾಗಿಲ ಸಂದಿಗೆ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿದರೆ ಬಾಗಿಲ ಅಂಚಿನ ಗ್ಯಾಸ್ಕೆಟ್ ಅಥವಾ ಹಿಂಜ್ ಸಡಿಲ. ಕೆಲವು ಓವನ್‌ಗಳಲ್ಲಿ ಕೆಳಬದಿಗೆ ಗ್ಯಾಸ್ಕೆಟ್ ಇರುವುದೇ ಇಲ್ಲ, ಅದು ಬಿದ್ದುಹೋಗಿದೆ ಎಂದು ಭಾವಿಸಬೇಡಿ. ಬಾಗಿಲು ಕಳಚುವ ಮುನ್ನ ಹಿಂಜಿನ ಲಾಕ್ ಹಾಕಿ, ಇಲ್ಲದಿದ್ದರೆ ಸ್ಪ್ರಿಂಗ್ ಬೆರಳನ್ನು ಜಜ್ಜುತ್ತದೆ. ತೀರಾ ಹಳೆಯ ಓವನ್‌ಗಳ ಬಿಳಿ ಹಗ್ಗದಂಥ ಗ್ಯಾಸ್ಕೆಟ್ ಕಲ್ನಾರಿನದ್ದಾಗಿರಬಹುದು. ಕೆರೆಯಲು, ಗುಡಿಸಲು ಹೋಗದೆ ಅದನ್ನು ಬಲ್ಲವರಿಗೆ ಬಿಡಿ.

ರಿಪೇರಿ ಮುಗಿದ ಮೇಲೆ ಕಿಟಕಿ ತೆರೆದು 200 ಡಿಗ್ರಿಯಲ್ಲಿ ಅರ್ಧ ಗಂಟೆ ಖಾಲಿ ಓಡಿಸಿ. ಹೊಸ ಭಾಗದ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಬರುತ್ತದೆ, ಬೇಗನೇ ನಿಲ್ಲುತ್ತದೆ. ಆದರೆ ಪ್ಲಾಸ್ಟಿಕ್ ಸೀದ ವಾಸನೆ ಬಂದರೆ ತಕ್ಷಣ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಟರ್ಮಿನಲ್ ಬ್ಲಾಕಿನಿಂದಲೇ ಶುರು ಮಾಡಿ.