ಬಾಯ್ಲರ್ ಮುಳ್ಳು ಕುಣೀತಿದೆಯಾ? ಎಕ್ಸ್‌ಪ್ಯಾನ್ಶನ್ ವೆಸೆಲ್ ನೋಡಿ

ಇಂಗ್ಲೆಂಡಿನ ಕಾಂಬಿ ಬಾಯ್ಲರ್ (ಮನೆ ಬೆಚ್ಚಗಿಟ್ಟು ನಲ್ಲಿಗೂ ಬಿಸಿನೀರು ಕೊಡುವ ಯಂತ್ರ) ನಮ್ಮೂರ ಬಚ್ಚಲೊಲೆ ಹಂಡೆಯಷ್ಟು ಸಾಧು ಪ್ರಾಣಿ ಅಲ್ಲ. ತಣ್ಣಗಿದ್ದಾಗ ಮೀಟರಿನಲ್ಲಿ ಒಳಗಿನ ನೀರಿನ ಪ್ರೆಶರ್ 1ರಿಂದ 1.5 ಬಾರ್ (ಒತ್ತಡದ ಅಳತೆ) ಇರಬೇಕು. ಹೀಟಿಂಗ್ ಹಾಕಿದ ಕೂಡಲೇ ಮುಳ್ಳು 3ರ ಹತ್ತಿರ ಓಡಿ, ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಸುರಿದು, ಆರಿದ ಮೇಲೆ ಸೊನ್ನೆಗೆ ಬಿದ್ದರೆ ಅನುಮಾನ ಎಕ್ಸ್‌ಪ್ಯಾನ್ಶನ್ ವೆಸೆಲ್ ಎಂಬ ಡಬ್ಬಿಯ ಮೇಲೇ.

ಕಾದ ನೀರು ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡುವುದು ವೆಸೆಲ್‌ನ ರಬ್ಬರ್ ಪರದೆಯ ಹಿಂದಿರುವ ಗಾಳಿ. ಸುಮ್ನೆ ದಿನಾ ನೀರು ತುಂಬಿಸುತ್ತಾ ಕೂರಬೇಡಿ, ರೇಡಿಯೇಟರ್ (ಕೋಣೆ ಬೆಚ್ಚಗಿಡುವ ಬಿಸಿನೀರಿನ ಫಲಕ) ಒಳಗೆ ತುಕ್ಕು ಹಿಡಿಯುತ್ತದೆ (ನಾನು ಒಂದು ಚಳಿಗಾಲ ಪೂರ್ತಿ ಅದನ್ನೇ ಮಾಡಿದೆ).

ಬಾಯ್ಲರ್ ಆಫ್ ಮಾಡಿ, ಆರಲು ಬಿಡಿ. ವೆಸೆಲ್‌ನಲ್ಲಿ ಕಾರ್ ಟೈರಿನಂಥದೇ ವಾಲ್ವ್ ಇರುತ್ತದೆ, ಅದರ ಪಿನ್ ಒತ್ತಿ. ನೀರು ಬಂದರೆ ಪರದೆ ಹರಿದಿದೆ, ವೆಸೆಲ್ ಬದಲಿಸಲೇಬೇಕು. ಬರದಿದ್ದರೆ ಡ್ರೇನ್ ಕಾಕ್ (ನೀರು ಹೊರಬಿಡುವ ನಲ್ಲಿ) ತೆರೆದು ಪ್ರೆಶರ್ ಸೊನ್ನೆಗೆ ಇಳಿಸಿ, ಅದನ್ನು ತೆರೆದೇ ಇಟ್ಟು, ಸೈಕಲ್ ಪಂಪಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು, ಸಾಮಾನ್ಯವಾಗಿ 0.75ರಿಂದ 1 ಬಾರ್, ಗಾಳಿ ತುಂಬಿ. ಆಮೇಲೆ ಕಾಕ್ ಮುಚ್ಚಿ ನೀರು ತುಂಬಿಸಿ.

ಇಷ್ಟಾದರೂ ಹೊರಗಿನ ಪೈಪ್ ತೊಟ್ಟಿಕ್ಕುತ್ತಿದ್ದರೆ, ಪ್ರೆಶರ್ ಹೆಚ್ಚಾದಾಗ ಆ ಪೈಪಿಗೆ ನೀರು ಬಿಡುವ ಸೇಫ್ಟಿ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಅದನ್ನೂ ಬದಲಿಸಬೇಕಾಗುತ್ತದೆ. ಈ ಎರಡರಲ್ಲಿ ಯಾವ ವಾಲ್ವ್ ಮುಟ್ಟೋಕೂ ಬಾಯ್ಲರ್ ಕವರ್ ಬಿಚ್ಚಬೇಕು ಅಂತಾದರೆ ಕೈ ಹಾಕಬೇಡಿ, ಗ್ಯಾಸ್ ಸೇಫ್ (ಅಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಸಿ.