ಬ್ಯಾಂಡ್ ಸಾ ಕೊಳ್ಳುವ ಮೊದಲು ಬ್ಲೇಡ್ ನೋಡಿ

ಬ್ಯಾಂಡ್ ಸಾ ಅಂದರೆ ಮೇಲೊಂದು ಕೆಳಗೊಂದು ಚಕ್ರದ ಮೇಲೆ ಬಳೆಯಂತೆ ಸುತ್ತುವ ಉದ್ದ ಬ್ಲೇಡ್‌ನಿಂದ ಮರ ಕೊಯ್ಯುವ ಮಷಿನ್. ಅದನ್ನು ಕೊಳ್ಳಲು ಅಂಗಡಿಗೆ ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ಮರದಲ್ಲಿ ಏನೇನು ಮಾಡಬೇಕು ಅಂದುಕೊಂಡಿದ್ದೀರೋ ಅದನ್ನೆಲ್ಲ ಬರೆಯಿರಿ. ಮಗುವಿಗೆ ಆಟಿಕೆಯಾ? ಬಾಗಿದ ಕಾಲಿನ ಸ್ಟೂಲಾ? ಊರ ಮನೆಯ ಹಲಸಿನ ತೊಲೆ ಸೀಳಿ ತೆಳು ಹಲಗೆಯಾ? ಯಾವ ಬ್ಲೇಡ್ ಬೇಕು ಅನ್ನುವುದು ಈ ಪಟ್ಟಿಯಿಂದ ಗೊತ್ತಾಗುತ್ತದೆ. ಯಾವ ಮಷಿನ್ ಬೇಕು ಅನ್ನುವುದು ಬ್ಲೇಡ್‌ನಿಂದ ಗೊತ್ತಾಗುತ್ತದೆ.

ನಾನು ಮೊದಲು ಮಷಿನ್ ತಂದೆ. ಡಬ್ಬದಲ್ಲೇ ಬಂದಿದ್ದ ಬ್ಲೇಡ್ ಹಾಕಿ ನಾಲ್ಕು ಇಂಚು ದಪ್ಪದ ಹಲಸಿನ ತುಂಡು ಸೀಳಲು ಹೋದೆ. ಬ್ಲೇಡ್ ಗೆರೆ ಬಿಟ್ಟು ಪಕ್ಕಕ್ಕೆ ಓಡಿತು. ಮರ ಕಪ್ಪಾಗಿ ಸುಟ್ಟ ವಾಸನೆ ಬಂತು. ಮಷಿನ್ನೇ ಸರಿಯಿಲ್ಲ ಅಂತ ಎರಡು ತಿಂಗಳು ಮೂಲೆಗೆ ತಳ್ಳಿಬಿಟ್ಟೆ. ಆಮೇಲೆ ಬೇರೆ ಬ್ಲೇಡ್ ಹಾಕಿದೆ. ಅದೇ ಮಷಿನ್, ಅದೇ ತುಂಡು, ಹಲಗೆ ನೇರವಾಗಿ ಬಿಡಿಸಿಕೊಂಡಿತು.

ಮೊದಲು ಹಲ್ಲು ಎಣಿಸಿ

ಬ್ಲೇಡ್ ಮೇಲೆ ‘ಟಿಪಿಐ’ ಅಂತ ಬರೆದಿರುತ್ತದೆ. ಒಂದು ಇಂಚಿಗೆ ಎಷ್ಟು ಹಲ್ಲು ಅಂತ ಅರ್ಥ. ಕೊಯ್ಯುವಾಗ ಮರದೊಳಗೆ ಯಾವಾಗಲೂ ಕನಿಷ್ಠ 3 ಹಲ್ಲು ಇರಬೇಕು. 6ರಿಂದ 12 ಇದ್ದರೆ ಚೆನ್ನ. 24 ದಾಟಬಾರದು.

ಲೆಕ್ಕ ಹಾಕಿ ನೋಡಿ. ಒಂದು ಇಂಚಿನ ತೇಗಕ್ಕೆ 6 ಟಿಪಿಐ ಹಾಕಿದರೆ ಮರದೊಳಗೆ 6 ಹಲ್ಲು. ಸರಿಯಾಯ್ತು. ಆರು ಇಂಚು ಎತ್ತರದ ಹಲಸನ್ನು 14 ಟಿಪಿಐ ಬ್ಲೇಡ್‌ನಲ್ಲಿ ಸೀಳಲು ಹೋದರೆ ಒಂದೇ ಸಲಕ್ಕೆ 84 ಹಲ್ಲು ಮರದೊಳಗೆ! ಹಲ್ಲುಗಳ ನಡುವಿನ ಸಂದಿ ಚಿಕ್ಕದು. ಅದರಲ್ಲಿ ಪುಡಿ ತುಂಬಿಕೊಂಡರೆ ಹೊರಗೆ ಹೋಗಲು ಜಾಗವಿಲ್ಲ. ಬ್ಲೇಡ್ ಬಿಸಿಯಾಗುತ್ತದೆ, ದಾರಿ ತಪ್ಪುತ್ತದೆ. ನನಗೆ ಆಗಿದ್ದೂ ಇದೇ. ಅಲ್ಲಿಗೆ 3 ಟಿಪಿಐ ಬೇಕು. ಕೊಕ್ಕೆಯಂತೆ ಮುಂದಕ್ಕೆ ಬಾಗಿರುವ ‘ಹುಕ್’ ಹಲ್ಲಿನದಾದರೆ ಇನ್ನೂ ಒಳ್ಳೆಯದು. ಅದೇ 3 ಟಿಪಿಐ ಬ್ಲೇಡನ್ನು ತೆಳು ಪ್ಲೈವುಡ್‌ಗೆ ಹಾಕಬೇಡಿ, ಅಂಚೆಲ್ಲ ಕಿತ್ತುಬರುತ್ತದೆ.

ಇನ್ನೊಂದು ಎಚ್ಚರಿಕೆ. ಕಬ್ಬಿಣ ಕೊಯ್ಯುವ ಬ್ಯಾಂಡ್ ಸಾ ಬ್ಲೇಡ್‌ಗಳೂ ನೋಡಲು ಹೀಗೇ ಇರುತ್ತವೆ. ಅವುಗಳ ಹಲ್ಲು ತುಂಬ ಸಣ್ಣ. ಮರಕ್ಕೆ ಅಂತ ಬಾಯಿಬಿಟ್ಟು ಹೇಳಿಯೇ ತೆಗೆದುಕೊಳ್ಳಿ.

ಆಮೇಲೆ ಅಗಲ

ಬ್ಲೇಡ್ ಕಿರಿದಾದಷ್ಟೂ ಇಕ್ಕಟ್ಟಿನ ತಿರುವು ಸಾಧ್ಯ. ಕಾಲು ಇಂಚಿನ ಬ್ಲೇಡ್ ಸುಮಾರು 16 ಮಿ.ಮೀ. ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ. ಅರ್ಧ ಇಂಚಿನದಕ್ಕೆ ಸುಮಾರು 64 ಮಿ.ಮೀ. ಬೇಕು. ಆಟಿಕೆ, ಬಾಗಿದ ಕಾಲುಗಳಿಗೆ ಕಾಲು ಇಂಚು. ನೇರವಾಗಿ ಸೀಳಲು ಅರ್ಧ ಇಂಚು. ಮನೆಗೆಲಸಕ್ಕೆ ಈ ಎರಡು ಬ್ಲೇಡ್ ಇದ್ದರೆ ಸಾಕು ಅಂತ ನನ್ನ ಅನುಭವ.

ಮಾಮೂಲಿ ಕಾರ್ಬನ್ ಸ್ಟೀಲ್ ಬ್ಲೇಡ್‌ನಿಂದ ಶುರು ಮಾಡಿ. ತೇಗ ಜಾಸ್ತಿ ಕೊಯ್ಯುವವರಾದರೆ, ಹಲ್ಲಿಗೆ ಬೇರೆ ಗಟ್ಟಿ ಉಕ್ಕು ಸೇರಿಸಿದ ‘ಬೈಮೆಟಲ್’ ಬ್ಲೇಡ್‌ಗೆ ದುಡ್ಡು ಹಾಕಬಹುದು. ತೇಗದಲ್ಲಿ ಸಿಲಿಕಾ ಇದೆ, ಮರಳಿನಲ್ಲಿರುವುದೇ ಅದು. ಹಾಗಾಗಿ ಹಲ್ಲು ಬೇಗ ಮೊಂಡಾಗುತ್ತದೆ.

ಕೊಳ್ಳುವಾಗ ಬ್ಲೇಡ್‌ನ ಎರಡು ತುದಿ ಸೇರಿಸಿದ ಬೆಸುಗೆ ನೋಡಿ. ಹಲ್ಲಿಲ್ಲದ ಹಿಂಬದಿ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದರೆ ಉಬ್ಬು ತಗಲಬಾರದು. ಬ್ಯಾಂಡ್ ಸಾ ಇತಿಹಾಸವೇ ಈ ಬೆಸುಗೆಯಲ್ಲಿದೆ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1809ರ ಹೊತ್ತಿಗೇ ಈ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಚಕ್ರದ ಮೇಲೆ ಬಾಗಿ ಬಾಗಿ ಬ್ಲೇಡ್ ಬೆಸುಗೆಯಲ್ಲೇ ತುಂಡಾಗುತ್ತಿತ್ತು. ಗಟ್ಟಿ ಬೆಸುಗೆಯ ವಿಧಾನಕ್ಕೆ 1846ರವರೆಗೆ ಕಾಯಬೇಕಾಯಿತು. ಅದನ್ನು ಕಂಡುಕೊಂಡವರು ಫ್ರಾನ್ಸಿನ ಹೆಣ್ಣುಮಗಳು ಆನ್ ಪೌಲಿನ್ ಕ್ರೆಪಿನ್.

ಈಗ ಮಷಿನ್

9 ಇಂಚು, 14 ಇಂಚು ಅನ್ನುವುದು ಚಕ್ರದ ಅಳತೆ. ಕೊಯ್ಯುವ ಎತ್ತರ ಬೇರೆ, ಅದನ್ನು ಕೇಳಿಯೇ ಕೊಳ್ಳಿ. 9–10 ಇಂಚಿನ ಮಷಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಮೂರರಿಂದ ನಾಲ್ಕೂವರೆ ಇಂಚು. ಆಟಿಕೆಗೆ, ಸಣ್ಣ ಪೆಟ್ಟಿಗೆಗೆ ಧಾರಾಳ ಸಾಕು. ಆದರೆ ಅರ್ಧ ಇಂಚಿನ ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿಯುವ ಶಕ್ತಿ ಅವಕ್ಕೆ ಕಡಿಮೆ. ಹಲಗೆ ಸೀಳುವುದು ನಿಮ್ಮ ಪಟ್ಟಿಯಲ್ಲಿದ್ದರೆ ಕಾದು, ದುಡ್ಡು ಕೂಡಿಸಿ 14 ಇಂಚಿನದನ್ನೇ ತನ್ನಿ. ಮೋಟಾರು ಕನಿಷ್ಠ 1 ಎಚ್‌ಪಿ ಇರಲಿ. ಮನೆಯ ಸಿಂಗಲ್ ಫೇಸ್ ಕರೆಂಟು ಸಾಲುತ್ತದೆ, 16 ಆಂಪ್ ಪ್ಲಗ್ ಹಾಕಿಸಿಕೊಳ್ಳಿ.

ಬ್ಲೇಡ್ ಹಾಕುವಾಗ

ಪ್ಲಗ್ ಕಿತ್ತ ಮೇಲೆಯೇ ಮಷಿನ್ ಬಾಗಿಲು ತೆರೆಯಿರಿ. ಟೇಬಲ್ ಹತ್ತಿರ ಹಲ್ಲುಗಳು ಕೆಳಕ್ಕೆ, ನಿಮ್ಮ ಕಡೆಗೆ ಮುಖ ಮಾಡಿರಬೇಕು. ಮೇಲಕ್ಕೆ ಕಂಡರೆ ಬ್ಲೇಡ್ ತಪ್ಪಲ್ಲ, ಒಳಮೈ ಹೊರಮೈ ತಿರುವಿ ಹಾಕಿ. ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬ್ಲೇಡ್ ಚಕ್ರದ ನಡುವೆ ಓಡಬೇಕು. ಬ್ಲೇಡ್ ಅತ್ತಿತ್ತ ಹೋಗದಂತೆ ಪಕ್ಕದಲ್ಲಿ ತಡೆಯುವ ‘ಗೈಡ್’ಗೂ ಬ್ಲೇಡ್‌ಗೂ ನಡುವೆ ಒಂದು ಕಾಗದದಷ್ಟು ಸಂದಿ ಬಿಡಿ. ಗೈಡ್ ಹಲ್ಲಿಗೆ ತಾಗಬಾರದು. ಮೇಲಿನ ಗೈಡನ್ನು ಮರದಿಂದ ಕಾಲು ಇಂಚು ಮೇಲಕ್ಕೆ ನಿಲ್ಲಿಸಿ.

ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಕೈಗವಸು ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ದುಂಡನೆಯ ಕೊಂಬೆಯನ್ನು ಯಾವತ್ತೂ ಬರಿಗೈಲಿ ತಳ್ಳಬೇಡಿ. ಹಲ್ಲು ಕಚ್ಚಿದ ಕೂಡಲೇ ಅದು ಉರುಳುತ್ತದೆ. ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಹಲಗೆ ಸಮೇತ ತಳ್ಳಿ. ಸ್ವಿಚ್ ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ, ಪೂರ್ತಿ ನಿಲ್ಲುವವರೆಗೆ ಕೈ ಹಾಕಬೇಡಿ.

ಕೆಲಸ ಮುಗಿದ ಮೇಲೆ ಬ್ಲೇಡ್‌ನ ಬಿಗಿ ಸಡಿಲಿಸಿ. ‘ಬಿಗಿ ಸಡಿಲ ಇದೆ’ ಅಂತ ಚೀಟಿ ಬರೆದು ಸ್ವಿಚ್ ಮೇಲೆ ಅಂಟಿಸಿ. ಮಾರನೇ ದಿನ ಮರೆತು ಮಷಿನ್ ಹಾಕಿದರೆ ಬ್ಲೇಡ್ ಚಕ್ರದಿಂದ ಜಾರಿಬಿಡುತ್ತದೆ.